ಟ್ರಿನಿಡಾಡ್‌ನಲ್ಲಿ ಒಂದು ಮಧ್ಯಾಹ್ನ: ಹನುಮ, ಕಡಲ ಗುಡಿ, ಕರೋನಿಯ ಕೆಂಪು ಹಕ್ಕಿ – ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ, ಕ್ರಿಕೆಟ್ ನೋಡೋಕೋ, ಇಲ್ಲಿರುವ ಮಕ್ಕಳ ಮನೆಗೋ ಅಂತ ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ಗೆ ಬರುವ ಕನ್ನಡದವರು ಹೆಚ್ಚಾಗಿ ಕೇಳುವುದು ಇದನ್ನೇ: "ಅರ್ಧ ದಿನ ಬಿಡುವಿದೆ, ಸುಸ್ತಾಗಬಾರದು, ಎಲ್ಲಿಗೆ ಹೋಗೋಣ?" ನಾನು ಹೇಳುವ ಉತ್ತರ ಬದಲಾಗಿಲ್ಲ. ಮಧ್ಯಾಹ್ನ ಕಾರಪಿಚೈಮ ಕಡೆ ಹೊರಡಿ, ಸಂಜೆ ಕರೋನಿ ಜೌಗಿನಲ್ಲಿ ದೋಣಿ ಹತ್ತಿ. ಮೂರೇ ಜಾಗ. ನಾಲ್ಕನೆಯದನ್ನು ಸೇರಿಸಬೇಡಿ. ಅದರ ಬಗ್ಗೆ ಬರುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಏನೇನು ನೋಡುತ್ತೇವೆ? ಸಮಯ ಹೇಗೆ ಹಂಚಿಕೊಳ್ಳೋದು?

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ 12:30ರ ಹೊತ್ತಿಗೆ ಹೊರಟರೆ ಆರಾಮ. ಮೊದಲು ಕಾರಪಿಚೈಮದ ದತ್ತಾತ್ರೇಯ ದೇವಸ್ಥಾನ, ಅಲ್ಲಿ 85 ಅಡಿ ಎತ್ತರದ ಹನುಮಂತ. ಅಲ್ಲಿಂದ ಸ್ವಲ್ಪವೇ ದೂರ ವಾಟರ್ಲೂ, ಕಡಲೊಳಗೆ ಕಟ್ಟಿದ ಗುಡಿ. ಮೂರು ಗಂಟೆಗೆ ಅಲ್ಲಿಂದ ಎದ್ದುಬಿಡಿ. ನಾಲ್ಕು ಗಂಟೆಯ ಹೊತ್ತಿಗೆ ಕರೋನಿಯಲ್ಲಿ ದೋಣಿ ಹೊರಡುತ್ತದೆ, ಕತ್ತಲಾಗುವಾಗ ವಾಪಸ್ ಬರುತ್ತದೆ. ಏಳೂವರೆ ಹೊತ್ತಿಗೆ ನೀವು ಉಳಿದುಕೊಂಡಿರುವ ಜಾಗದಲ್ಲಿರುತ್ತೀರಿ. ದೋಣಿಗಿಂತ ಮೊದಲಿನದ್ದನ್ನೆಲ್ಲ ನಿಮಗೆ ಬೇಕಾದ ಹಾಗೆ ಹಿಗ್ಗಿಸಬಹುದು, ಕುಗ್ಗಿಸಬಹುದು. ದೋಣಿಯ ಸಮಯ ಮಾತ್ರ ಹಕ್ಕಿಗಳ ಕೈಯಲ್ಲಿದೆ.

ಬೆಳಿಗ್ಗೆ ಹೋಗಬಾರದಾ? ಬಿಸಿಲು ಕಮ್ಮಿ ಇರುತ್ತಲ್ವಾ?

ಹೋಗಬಹುದು, ಕಾಂಡ್ಲಾ ಕಾಡನ್ನು, ಅಂದ್ರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳನ್ನು, ನೋಡಿ ಬರಬಹುದು. ಆದರೆ ಕೆಂಪು ಐಬಿಸ್ ಹಕ್ಕಿಗಳು ಹಗಲೆಲ್ಲ ಕೆಸರು ಬಯಲುಗಳಲ್ಲಿ ಏಡಿ, ಸೀಗಡಿ ಹುಡುಕಿಕೊಂಡು ಚದುರಿಹೋಗಿರುತ್ತವೆ. ಸೂರ್ಯ ಇಳಿಯುವ ಹೊತ್ತಿಗೆ ಒಂದೊಂದೇ ಗುಂಪು ರಾತ್ರಿ ತಂಗುವ ಮರಗಳಿಗೆ ವಾಪಸ್ ಬರುತ್ತದೆ. ಅದನ್ನು ನೋಡೋಕೇ ಎಲ್ಲರೂ ಅಲ್ಲಿಗೆ ಹೋಗುವುದು. ಟ್ರಿನಿಡಾಡ್ ಭೂಮಧ್ಯರೇಖೆಗೆ ಹತ್ತಿರ, 10 ಡಿಗ್ರಿಗಿಂತ ಸ್ವಲ್ಪ ಉತ್ತರಕ್ಕೆ. ಹಾಗಾಗಿ ವರ್ಷದ ಯಾವ ತಿಂಗಳಲ್ಲಿ ಬಂದರೂ ಸೂರ್ಯಾಸ್ತ ಸಂಜೆ ಆರರ ಆಸುಪಾಸೇ. ಲೆಕ್ಕ ಹಾಕೋದು ಸುಲಭ.

ಗಾಡಿ ಹೇಗೆ? ನಾವೇ ಓಡಿಸಬಹುದಾ?

ಇಲ್ಲಿ ನಮ್ಮ ಹಾಗೆಯೇ ಎಡಗಡೆ ಓಡಿಸುತ್ತಾರೆ, ಆ ಕಷ್ಟ ಇಲ್ಲ. ಯೂರಾಯ ಬಟ್ಲರ್ ಹೆದ್ದಾರಿಯಿಂದಲೇ ಕರೋನಿ ಜೌಗಿನ ಪಕ್ಷಿಧಾಮದ ಕಡೆಗೆ ತಿರುಗುವ ದಾರಿ ಇದೆ, ಫಲಕ ಕಾಣುತ್ತದೆ. ಆದರೂ ನನ್ನ ಸಲಹೆ ಏನಂದ್ರೆ, ದಿನಕ್ಕೆ ಒಬ್ಬ ಚಾಲಕನನ್ನೋ ಗೈಡನ್ನೋ ಗೊತ್ತುಮಾಡಿಕೊಳ್ಳಿ. ಸಂಜೆ ಹೊತ್ತು ಈ ಹೆದ್ದಾರಿಯಲ್ಲಿ ವಾಹನಗಳು ಕಿಕ್ಕಿರಿದಿರುತ್ತವೆ, ದೋಣಿ ಇಳಿದ ಮೇಲೆ ಕತ್ತಲಲ್ಲಿ ಗೊತ್ತಿಲ್ಲದ ದಾರಿ ಹುಡುಕುವುದು ಬೇಡ. ಬಾಡಿಗೆ ಟ್ಯಾಕ್ಸಿಗಳ ನಂಬರ್ ಪ್ಲೇಟ್ 'ಎಚ್' ಅಕ್ಷರದಿಂದ ಶುರುವಾಗುತ್ತದೆ, ಅದನ್ನು ನೋಡಿಯೇ ಹತ್ತಿ. ಊರಿನವರು ಓಡಾಡುವ ಮ್ಯಾಕ್ಸಿ ಟ್ಯಾಕ್ಸಿ ಅಗ್ಗ, ಆದರೆ ಅದು ಹೆದ್ದಾರಿ ಬದಿಯಲ್ಲಿ ಇಳಿಸಿ ಹೋಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ಅದು ಆಗಿಬರುವುದಿಲ್ಲ.

ಗೈಡ್ ಬೇಕೇ ಬೇಕಾ?

ದೇವಸ್ಥಾನಗಳಿಗೆ ಬೇಡ. ಜೌಗಿಗೆ ಬೇಕೇ ಬೇಕು. ದೋಣಿಯವರೇ ಗೈಡ್ ಆಗಿರುತ್ತಾರೆ, ಅವರಲ್ಲಿ ಹಲವರು ಈ ನೀರಿನಲ್ಲೇ ಬೆಳೆದವರು. ಕಾಲುವೆಯ ಮೇಲೆ ಬಾಗಿದ ಕೊಂಬೆಯಲ್ಲಿ ಸುರುಳಿ ಸುತ್ತಿಕೊಂಡ ಹಾವನ್ನು ನಾವು ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದರೂ ಕಾಣಲ್ಲ. ಅವರು ಇಂಜಿನ್ ನಿಲ್ಲಿಸಿ, ದೋಣಿ ತಾನಾಗಿ ತೇಲುತ್ತಿರುವಾಗ, ಬೆರಳು ತೋರಿಸಿ "ಅಗೋ" ಅನ್ನುತ್ತಾರೆ. ಆಮೇಲೂ ನಮಗೆ ಅರ್ಧ ನಿಮಿಷ ಬೇಕು. ಈ ಪಕ್ಷಿಧಾಮಕ್ಕೆ ಈಗ ವಿನ್‌ಸ್ಟನ್ ನಾನನ್ ಅವರ ಹೆಸರಿದೆ. ದಶಕಗಳ ಕಾಲ ಇಲ್ಲಿ ದೋಣಿ ನಡೆಸುತ್ತಾ, ಹಕ್ಕಿಗಳ ಪರವಾಗಿ ಮಾತಾಡುತ್ತಾ ಬಂದವರು ಅವರು. ದೋಣಿಯವರ ಹೆಸರನ್ನು ಒಂದು ಪಕ್ಷಿಧಾಮಕ್ಕೆ ಇಟ್ಟಿರುವುದು ನನಗೆ ತುಂಬಾ ಸರಿ ಅನಿಸುತ್ತದೆ.

ದತ್ತಾತ್ರೇಯ ದೇವಸ್ಥಾನಕ್ಕೂ ಮೈಸೂರಿಗೂ ಏನೋ ಸಂಬಂಧ ಇದೆಯಂತೆ, ಹೌದಾ?

ಹೌದು, ನೇರ ಸಂಬಂಧ. ಮೈಸೂರಿನ ಅವಧೂತ ದತ್ತ ಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಶಿಷ್ಯವರ್ಗ ಇಲ್ಲಿದೆ. ಕಾರಪಿಚೈಮದ ದತ್ತಾತ್ರೇಯ ಯೋಗ ಕೇಂದ್ರ ಅವರದ್ದೇ ಪರಂಪರೆಯದು. ಹನುಮನ ಮೂರ್ತಿ ಪ್ರತಿಷ್ಠೆಯಾದದ್ದು 2003ರಲ್ಲಿ. ದೇವಸ್ಥಾನ ದ್ರಾವಿಡ ಶೈಲಿಯದು, ಕಟ್ಟೋಕೆ ಭಾರತದಿಂದಲೇ ಶಿಲ್ಪಿಗಳು ಬಂದಿದ್ದರು. ಬಾಗಿಲಿನ ಎರಡೂ ಕಡೆ ದೊಡ್ಡ ಆನೆಗಳು ನಿಂತಿವೆ. ಸುತ್ತಮುತ್ತ ತಗಡಿನ ಮಾಡಿನ ಮನೆಗಳು, ಮಾವಿನ ಮರಗಳು, ಹಿಂದೆ ಕಬ್ಬು ಬೆಳೆಯುತ್ತಿದ್ದ ಸಪಾಟು ನೆಲ. ಅದರ ನಡುವೆ ಗೋಪುರ ಕಾಣುವಾಗ ಮೈಸೂರು ಕಡೆಯವರಿಗೆ ಹೇಗನಿಸುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಒಂದು ವಿಷಯ. ಭಾರತದ ಹೊರಗೆ ಇರುವ ಅತಿ ಎತ್ತರದ ಹನುಮ ಇದೇ ಅಂತ ಇನ್ನೂ ಎಲ್ಲ ಕಡೆ ಬರೆಯುತ್ತಾರೆ. 2024ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ 90 ಅಡಿಯ ಮೂರ್ತಿ ನಿಂತ ಮೇಲೆ ಆ ಮಾತು ಹಳೆಯದಾಯಿತು. ಎತ್ತರದ ಪೈಪೋಟಿ ನನಗೆ ಮುಖ್ಯ ಅನಿಸಲ್ಲ. ಕೆಳಗೆ ಪಾದದ ಹತ್ತಿರ ನಿಂತು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಿದರೂ ಮುಖ ಸರಿಯಾಗಿ ಕಾಣಲ್ಲ. ಸ್ವಲ್ಪ ದೂರ ಸರಿದು ನಿಂತು ನೋಡಿ.

ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕಿರಬಹುದು, ಒಳಗೆ ದರ್ಶನ ಬೇಕೆಂದರೆ ವೇಳೆ ಮೊದಲೇ ಕೇಳಿಕೊಳ್ಳಿ. ಹನುಮ ಬಯಲಲ್ಲೇ ಇರುವುದರಿಂದ ಪ್ರದಕ್ಷಿಣೆಗೆ ತೊಂದರೆ ಇಲ್ಲ. ಚಪ್ಪಲಿ ಬಿಟ್ಟು ನಡೆಯುವಾಗ ನೆಲ ಕಾದಿರುತ್ತದೆ, ಒಂದು ಜೊತೆ ಕಾಲುಚೀಲ ಇಟ್ಟುಕೊಂಡರೆ ಒಳ್ಳೆಯದು.

ಸಮುದ್ರದ ಒಳಗೆ ಗುಡಿ ಯಾಕೆ ಕಟ್ಟಿದರು?

ಈ ಪ್ರಶ್ನೆಗೆ ಉದ್ದ ಉತ್ತರ ಕೊಡುತ್ತೇನೆ, ಯಾಕಂದ್ರೆ ಇದು ಗೊತ್ತಿಲ್ಲದೆ ಹೋದರೆ ವಾಟರ್ಲೂನಲ್ಲಿ ನೋಡೋಕೆ ಏನೂ ಇಲ್ಲ ಅನಿಸಿಬಿಡುತ್ತದೆ. ಕಣ್ಣಿಗೆ ಕಾಣುವುದು ಒಂದು ಸಣ್ಣ ಎಂಟು ಮೂಲೆಯ ಗುಡಿ, ಅದಕ್ಕೊಂದು ಕಾಲುದಾರಿ, ಸುತ್ತ ಕಂದು ನೀರು. ಅಷ್ಟೇ.

ಶಿವದಾಸ್ ಸಾಧು ಕಬ್ಬಿನ ಗದ್ದೆಯಲ್ಲಿ ದುಡಿಯುತ್ತಿದ್ದ ಕೂಲಿಕಾರರು. 1947ರಲ್ಲಿ ಕಡಲ ದಂಡೆಯ ಹತ್ತಿರ ಒಂದು ಪುಟ್ಟ ಗುಡಿ ಕಟ್ಟಿದರು. ಆ ನೆಲ ಸಕ್ಕರೆ ಕಂಪನಿಯದು. ಕಂಪನಿ ಗುಡಿ ತೆಗೆಯಲು ಹೇಳಿತು, ಅವರು ಒಪ್ಪಲಿಲ್ಲ. 1952ರಲ್ಲಿ ಗುಡಿಯನ್ನು ಕೆಡವಿದರು. ಸಾಧುಗಳಿಗೆ 14 ದಿನ ಜೈಲು, ಮೇಲೆ ದಂಡ. ಜೈಲಿನಿಂದ ಬಂದವರು ಹೇಳಿದ್ದು ಇಷ್ಟೇ: ನೆಲದ ಮೇಲೆ ಕಟ್ಟೋಕೆ ಬಿಡದಿದ್ದರೆ ಕಡಲಿನಲ್ಲಿ ಕಟ್ಟುತ್ತೇನೆ, ಕಡಲು ಯಾರಪ್ಪನ ಆಸ್ತಿಯೂ ಅಲ್ಲ.

ಕಟ್ಟಿಯೇಬಿಟ್ಟರು. ಸೈಕಲ್ ಮೇಲೆ, ಬಕೆಟ್ಟುಗಳಲ್ಲಿ ಕಲ್ಲು, ಸಿಮೆಂಟು, ಮರಳು ಸಾಗಿಸಿ, ನೀರು ಇಳಿದಾಗ ಕೆಸರಿನಲ್ಲಿ ನಡೆದು, ಕೂಲಿ ಮುಗಿದ ಮೇಲಿನ ಹೊತ್ತಿನಲ್ಲಿ, ಬಹುಪಾಲು ಒಬ್ಬರೇ. ದಡದಿಂದ ಗುಡಿಯವರೆಗಿನ ದಾರಿಯೂ ಅವರು ಹಾಕಿದ್ದೇ. ಸುಮಾರು 25 ವರ್ಷ ಆ ಕೆಲಸ ಮಾಡಿದರು ಅಂತ ಇಲ್ಲಿನವರು ಹೇಳುತ್ತಾರೆ. ಅವರು ತೀರಿಕೊಂಡ ಮೇಲೆ ಅಲೆಗಳ ಹೊಡೆತಕ್ಕೆ ಗುಡಿ ಶಿಥಿಲವಾಯಿತು. ಭಾರತೀಯರು ಈ ದ್ವೀಪಕ್ಕೆ ಬಂದು 150 ವರ್ಷ ಆದ ನೆನಪಿಗೆ 1995ರ ಸುಮಾರಿಗೆ ಸರ್ಕಾರದ ನೆರವಿನಿಂದ ಅದನ್ನು ಮತ್ತೆ ಕಟ್ಟಿದರು. ನೀವು ಈಗ ನೋಡುವುದು ಅದನ್ನೇ. ಹತ್ತಿರದಲ್ಲಿ ಸಾಧುಗಳ ಪ್ರತಿಮೆ ಇದೆ, ಅವರ ಮುಂದೆ ಒಂದು ನಿಮಿಷ ನಿಲ್ಲಿ. ದೊಡ್ಡ ದೇವಸ್ಥಾನಗಳನ್ನು ರಾಜರು ಕಟ್ಟಿಸಿದ್ದು ನಮಗೆ ಗೊತ್ತು. ಒಬ್ಬ ಕೂಲಿ ಬಕೆಟ್ಟು ಹಿಡಿದು ಕಟ್ಟಿದ ಗುಡಿ ಇದು. ನನ್ನ ಮಟ್ಟಿಗೆ ಇಡೀ ದ್ವೀಪದಲ್ಲಿ ಇದಕ್ಕಿಂತ ದೊಡ್ಡ ಜಾಗ ಇಲ್ಲ.

ಪಕ್ಕದ ದಡದಲ್ಲೇ ಶವಸಂಸ್ಕಾರದ ಜಾಗವೂ ಇದೆ. ಚಿತೆ ಉರಿಯುತ್ತಿದ್ದರೆ ಆ ಕಡೆ ಕ್ಯಾಮೆರಾ ತಿರುಗಿಸಬೇಡಿ, ಜೋರಾಗಿ ಮಾತಾಡಬೇಡಿ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ನೀರು ಇಳಿದಿರುವಾಗ ಹೋದರೆ ಗುಡಿಯ ಸುತ್ತ ಕೆಸರು ಬಯಲು ತೆರೆದಿರುತ್ತದೆ, ಉದ್ದ ಕೊಕ್ಕಿನ ದಂಡೆ ಹಕ್ಕಿಗಳು ಓಡಾಡುತ್ತಿರುತ್ತವೆ. ಚಿತ್ರಗಳಲ್ಲಿ ನೋಡಿದ ನೀಲಿ ಕೆರಿಬಿಯನ್ ಇಲ್ಲಿ ಹುಡುಕಬೇಡಿ. ಇದು ಪಾರಿಯಾ ಕೊಲ್ಲಿ, ಆಚೆ ದಡದಲ್ಲಿ ವೆನೆಜುವೆಲಾ. ನೀರು ಕಂದಾಗಿಯೇ ಇರುತ್ತದೆ.

ಇಲ್ಲಿರುವ ಭಾರತೀಯರು ಯಾರು? ಹಿಂದಿ ಮಾತಾಡ್ತಾರಾ?

1845ರ ಮೇ 30ರಂದು 'ಫತೇಲ್ ರಜಾಕ್' ಅನ್ನುವ ಹಡಗು ಮೊದಲ ಕೂಲಿಗಳನ್ನು ಕಲ್ಕತ್ತೆಯಿಂದ ಇಲ್ಲಿಗೆ ತಂದಿತು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಕರಾರಿನ ಮೇಲೆ ಜನರನ್ನು ತರುವ ಈ ಪದ್ಧತಿ 1917ರವರೆಗೆ ನಡೆಯಿತು, ಅಷ್ಟರಲ್ಲಿ ಸುಮಾರು 1,44,000 ಜನ ಬಂದಿದ್ದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಭೋಜಪುರಿ ಸೀಮೆಯವರು. ಮದ್ರಾಸ್ ಬಂದರಿನಿಂದಲೂ ಕೆಲವು ಹಡಗು ಬಂದಿದ್ದವು. ಮೇ 30 ಇಲ್ಲಿ ಸಾರ್ವಜನಿಕ ರಜೆ.

ಈಗ ಎಲ್ಲರ ಮಾತು ಇಂಗ್ಲಿಷ್, ಅದೂ ಟ್ರಿನಿಡಾಡ್‌ನದ್ದೇ ಧಾಟಿಯ ಇಂಗ್ಲಿಷ್. ಹಿಂದಿಯಲ್ಲಿ ಮಾತು ಶುರುಮಾಡಬೇಡಿ, ಬಹುತೇಕರಿಗೆ ಬರುವುದಿಲ್ಲ. ಆದರೆ ಅಜ್ಜ-ಅಜ್ಜಿಯರನ್ನು ಆಜಾ, ಆಜಿ, ನಾನಾ, ನಾನಿ ಅಂತಲೇ ಕರೆಯುತ್ತಾರೆ. ಅಡುಗೆಮನೆಯಲ್ಲಿ ತವಾ, ಬೇಲನಾ, ಚೂಲಾ ಉಳಿದಿವೆ. ಕಾರಪಿಚೈಮದ ಒಳರಸ್ತೆಗಳಲ್ಲಿ ಹೋಗುವಾಗ ಮನೆಯಂಗಳದ ಮೂಲೆಯಲ್ಲಿ ಉದ್ದ ಬಿದಿರುಗಳಿಗೆ ಕಟ್ಟಿದ ಕೆಂಪು, ಹಳದಿ, ಬಿಳಿ ಬಾವುಟಗಳು ಕಾಣುತ್ತವೆ. ಅವು ಜಂಡಿ. ಪೂಜೆ ಆದಾಗಲೆಲ್ಲ ಹೊಸದು ನೆಡುತ್ತಾರೆ, ಹಳೆಯದು ಬಿಸಿಲಿಗೆ ಬಣ್ಣ ಹೋಗಿ ಅಲ್ಲೇ ನಿಂತಿರುತ್ತದೆ. ಗಾಡಿ ನಿಧಾನ ಮಾಡಿಸಿ, ಎಣಿಸುತ್ತಾ ಹೋಗಿ, ಮಕ್ಕಳಿಗೆ ಇದು ಖುಷಿ.

"ನೀವು ನಿಜವಾದ ಭಾರತೀಯರಾ?" ಅಂತ ದಯವಿಟ್ಟು ಯಾರನ್ನೂ ಕೇಳಬೇಡಿ. ಅವರು ಟ್ರಿನಿಡಾಡ್‌ನವರು. ಐದಾರು ತಲೆಮಾರು ಇಲ್ಲಿ ಬೆವರು ಸುರಿಸಿದ್ದಾರೆ.

ಇನ್ನೂ ತಿಳಿದುಕೊಳ್ಳಬೇಕು ಅನ್ನುವವರಿಗೆ ವಾಟರ್ಲೂನಲ್ಲೇ ಒಂದು ಇಂಡಿಯನ್ ಕೆರಿಬಿಯನ್ ಮ್ಯೂಸಿಯಂ ಇದೆ. ತೆರೆದಿದ್ದರೆ ಅರ್ಧ ಗಂಟೆ ಕೊಡಿ.

ದೋಣಿ ಹೇಗಿರುತ್ತೆ? ನನಗೆ ಈಜು ಬರಲ್ಲ, ನೀರು ಅಂದ್ರೆ ಭಯ.

ಚಪ್ಪಟೆ ತಳದ ಉದ್ದ ದೋಣಿ, ಸಾಲಾಗಿ ಕೂರೋಕೆ ಹಲಗೆ, ಹಿಂದೆ ಮೋಟಾರು. ಅಲೆ ಇಲ್ಲ, ಕಾಲುವೆಯ ನೀರು ನಿಂತ ಹಾಗೆ ಇರುತ್ತದೆ. ಜೌಗು ತೆರೆದುಕೊಳ್ಳುವ ಕಡೆ ಸ್ವಲ್ಪ ಗಾಳಿ ಇರುತ್ತದೆ, ಅಷ್ಟೇ. ಕಡಲ ದೋಣಿಯಲ್ಲಿ ವಾಂತಿ ಆಗುವವರಿಗೂ ಇಲ್ಲಿ ಏನೂ ಆಗಿದ್ದು ನಾನು ನೋಡಿಲ್ಲ. ಆದರೂ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಮಕ್ಕಳಿಗೆ ಕಡ್ಡಾಯವಾಗಿ ಹಾಕಿಸಿ. ದೋಣಿಗೆ ಮೇಲ್ಛಾವಣಿ ಇಲ್ಲದಿರಬಹುದು, ಮೊದಲ ಒಂದು ಗಂಟೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಟೋಪಿ ಬೇಕು.

ಕೈಯನ್ನು ನೀರಿಗೆ ಇಳಿಬಿಡಬೇಡಿ. ಕೈಮಾನ್ ಅನ್ನುವ ಸಣ್ಣ ಜಾತಿಯ ಮೊಸಳೆಗಳು ಇಲ್ಲಿವೆ. ಹೆದರುವಂಥದ್ದೇನೂ ಇಲ್ಲ, ಅವು ಮನುಷ್ಯರ ತಂಟೆಗೆ ಬರಲ್ಲ, ಆದರೆ ಸುಮ್ನೆ ಯಾಕೆ.

ಹಕ್ಕಿ ಬರುವವರೆಗೆ ಒಂದೂವರೆ ಗಂಟೆ ಏನು ನೋಡೋದು? ಬೇಜಾರಾಗಲ್ವಾ?

ಇದು ಕೇಳಿದವರೇ ಆಮೇಲೆ ಆ ಒಂದೂವರೆ ಗಂಟೆಯ ಬಗ್ಗೆ ಜಾಸ್ತಿ ಮಾತಾಡುತ್ತಾರೆ!

ಹೊನ್ನಾವರದ ಕಡೆ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡು ನೋಡಿದವರಿಗೆ ಈ ಗಿಡಗಳ ಗುರುತು ಸಿಗುತ್ತದೆ. ಇಲ್ಲಿ ಅದು ಬಹಳ ದೊಡ್ಡದು, ಸುಮಾರು 5,600 ಹೆಕ್ಟೇರ್ ಜೌಗು, 2005ರಿಂದ ರಾಮ್ಸರ್ ಪಟ್ಟಿಯಲ್ಲಿ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಇದೆ. ಕೆಂಪು, ಕಪ್ಪು, ಬಿಳಿ ಅಂತ ಮೂರು ಬಗೆಯ ಕಾಂಡ್ಲಾ ಇವೆ. ಕೆಂಪು ಕಾಂಡ್ಲಾದ ಬೇರುಗಳು ಮೇಲಿನಿಂದ ಕಮಾನು ಹಾಕಿಕೊಂಡು ನೀರಿಗೆ ಇಳಿಯುತ್ತವೆ. ನೀರು ತಾಕುವ ಮಟ್ಟದಲ್ಲಿ ಆ ಬೇರುಗಳಿಗೆ ಚಿಪ್ಪುಗಳು ಅಂಟಿಕೊಂಡಿರುತ್ತವೆ, ಅದಕ್ಕಿಂತ ಮೇಲೆ ಮರ ಏಡಿಗಳು. ದೋಣಿ ಹತ್ತಿರ ಬಂದ ಕೂಡಲೇ ಏಡಿ ಬೇರಿನ ಆ ಕಡೆಗೆ ಸರಿದು ಅಡಗಿಕೊಳ್ಳುತ್ತದೆ, ನಾವು ದಾಟಿದ ಮೇಲೆ ಮತ್ತೆ ಈ ಕಡೆ ಬರುತ್ತದೆ.

ನೀರಿನ ಮೇಲ್ಭಾಗದಲ್ಲಿ ಜೋಡಿ ಗುಳ್ಳೆಗಳು ಓಡುತ್ತಿರುವುದು ಕಂಡರೆ ಅದು ಗುಳ್ಳೆ ಅಲ್ಲ, ನಾಲ್ಕು ಕಣ್ಣಿನ ಮೀನು. ನಿಜವಾಗಿ ಕಣ್ಣು ಎರಡೇ, ಆದರೆ ಒಂದೊಂದು ಕಣ್ಣೂ ಎರಡು ಭಾಗ ಆಗಿರುತ್ತದೆ. ಮೇಲಿನ ಭಾಗ ಗಾಳಿಯಲ್ಲಿ ನೋಡುತ್ತದೆ, ಕೆಳಗಿನ ಭಾಗ ಅದೇ ಹೊತ್ತಿಗೆ ನೀರೊಳಗೆ ನೋಡುತ್ತದೆ.

ಮರದ ಹೆಬ್ಬಾವು ಕಾಣುವ ಸಾಧ್ಯತೆ ಚೆನ್ನಾಗಿದೆ. ಅದೃಷ್ಟ ಇದ್ದರೆ ಅಂಗೈ ಅಗಲದ ರೇಷ್ಮೆ ಇರುವೆಬಾಕ ಸಿಗುತ್ತದೆ. ಹೊಂಬಣ್ಣದ ತುಪ್ಪಳ, ಹಗಲೆಲ್ಲ ಕೊಂಬೆಯ ಕವಲಿನಲ್ಲಿ ಮುದುಡಿ ಮಲಗಿರುತ್ತದೆ, ಮುಖ ಕೂಡ ಕಾಣಲ್ಲ. ಅದನ್ನು ಎಬ್ಬಿಸಿ ಅಂತ ದೋಣಿಯವರನ್ನು ಪೀಡಿಸಬೇಡಿ. ಇನ್ನು ಬೆಳ್ಳಕ್ಕಿ, ಬಕಗಳು ದಾರಿಯುದ್ದಕ್ಕೂ. ಈಚಿನ ವರ್ಷಗಳಲ್ಲಿ ತೆರೆದ ನೀರಿನ ಕಡೆ ಫ್ಲೆಮಿಂಗೋಗಳೂ ಕಾಣಸಿಗುತ್ತವೆ.

ಆ ಹಕ್ಕಿ ಯಾಕೆ ಅಷ್ಟು ಕೆಂಪು?

ತಿನ್ನುವುದರಿಂದ. ಏಡಿ, ಸೀಗಡಿಯಂಥ ಜೀವಿಗಳಲ್ಲಿ ಕ್ಯಾರೊಟಿನಾಯ್ಡ್ ಅನ್ನುವ ಬಣ್ಣದ ಅಂಶ ಇರುತ್ತದೆ, ಅದು ಗರಿಗಳಿಗೆ ಇಳಿಯುತ್ತದೆ. ಮರಿಗಳು ಬೂದು-ಕಂದು ಬಣ್ಣದವು, ಪೂರ್ತಿ ಕೆಂಪಾಗೋಕೆ ಎರಡು ಮೂರು ವರ್ಷ ಬೇಕು. ಗುಂಪಿನಲ್ಲಿ ತೇಪೆ ಹಾಕಿದಂಥ ಬಣ್ಣದ ಹಕ್ಕಿ ಕಂಡರೆ ಅದು ಬೆಳೆಯುತ್ತಿರುವ ಮರಿ. ಬೆಳೆದ ಹಕ್ಕಿಯ ರೆಕ್ಕೆ ತುದಿ ಮಾತ್ರ ಕಪ್ಪು, ಹಾರುವಾಗ ಚೆನ್ನಾಗಿ ಕಾಣುತ್ತದೆ. ರಂಗನತಿಟ್ಟಿನಲ್ಲಿ ನಾವು ನೋಡುವ ಬಿಳಿ ಕೆಂಬರಲು ಇದರ ನೆಂಟ. ಆ ಬಾಗಿದ ಕೊಕ್ಕು ನೋಡಿದರೆ ಗೊತ್ತಾಗುತ್ತೆ.

ಇದು ಟ್ರಿನಿಡಾಡ್‌ನ ರಾಷ್ಟ್ರಪಕ್ಷಿ. ಇದೇ ದೇಶದ ಇನ್ನೊಂದು ದ್ವೀಪ ಟೊಬೇಗೊಗೆ ಬೇರೆ ಹಕ್ಕಿ ಇದೆ, ಕೊಕ್ರಿಕೊ. ಇಲ್ಲಿನ ಒಂದು ಡಾಲರ್ ನೋಟು ಕೆಂಪು, ಅದರ ಮೇಲೆ ಇದೇ ಹಕ್ಕಿ. ನೆನಪಿಗೆ ಒಂದು ನೋಟು ಇಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯ ಸ್ಮರಣಿಕೆ ಬೇಕಿಲ್ಲ.

ಖಂಡಿತ ಕಾಣುತ್ತಾ? ಎಷ್ಟು ಹತ್ತಿರ?

ಸಂಜೆ ಹೋದರೆ ಕಾಣದೆ ಇರುವುದು ಅಪರೂಪ. ಎಷ್ಟು ಬರುತ್ತವೆ ಅನ್ನುವುದು ದಿನಕ್ಕೂ ಕಾಲಕ್ಕೂ ಬದಲಾಗುತ್ತದೆ. ಹತ್ತಿರದಿಂದ ಕಾಣುತ್ತಾ ಅಂದರೆ, ಇಲ್ಲ. ದೋಣಿಯನ್ನು ತಂಗುಮರಗಳಿಂದ ಸಾಕಷ್ಟು ದೂರದಲ್ಲಿ ಕಾಂಡ್ಲಾಕ್ಕೆ ಕಟ್ಟಿ ನಿಲ್ಲಿಸುತ್ತಾರೆ. ಮೊದಲು ನಾಲ್ಕೈದು, ಆಮೇಲೆ ಹತ್ತು ಇಪ್ಪತ್ತರ ಸಾಲು, ನೀರಿಗೆ ತಾಗುವಷ್ಟು ಕೆಳಗೆ ಹಾರಿ ಬಂದು ಮರಕ್ಕೆ ಏರುತ್ತವೆ. ನೋಡುತ್ತಿದ್ದ ಹಾಗೆ ಹಸಿರು ನಡುಗಡ್ಡೆ ಮುತ್ತುಗ ಹೂ ಬಿಟ್ಟ ಹಾಗೆ ಆಗುತ್ತದೆ. ಬೆಳ್ಳಕ್ಕಿಗಳೂ ಅದೇ ಮರಗಳಿಗೆ ಬರುವುದರಿಂದ ನಡುನಡುವೆ ಬಿಳಿ.

"ಇನ್ನೂ ಸ್ವಲ್ಪ ಹತ್ತಿರ ಹೋಗಿ" ಅಂತ ದೋಣಿಯವರಿಗೆ ದುಡ್ಡಿನ ಆಸೆ ತೋರಿಸುವವರಿದ್ದಾರೆ. ಇದರ ಬಗ್ಗೆ ನನಗೆ ಸಿಟ್ಟಿದೆ. ಕೂತ ಹಕ್ಕಿ ಬೆದರಿ ಎದ್ದರೆ ಕತ್ತಲಲ್ಲಿ ಇನ್ನೊಂದು ಜಾಗ ಹುಡುಕಬೇಕು. ಪದೇ ಪದೇ ಹಾಗೆ ಆದರೆ ಆ ಜಾಗವನ್ನೇ ಬಿಟ್ಟುಹೋಗುತ್ತವೆ. ಮಾಂಸಕ್ಕಾಗಿ ಬೇಟೆಯಾಡಿ ಈ ಹಕ್ಕಿಗಳನ್ನು ಮೊದಲೇ ಸಾಕಷ್ಟು ಕಾಡಿದ್ದಾರೆ. 2018ರಲ್ಲಿ ವಿಶೇಷ ರಕ್ಷಣೆ ಸಿಕ್ಕಿತು, ಈಗ ಬೇಟೆಗೆ 1,00,000 ಟಿಟಿ (ಟ್ರಿನಿಡಾಡ್ ಮತ್ತು ಟೊಬೇಗೊ) ಡಾಲರ್ ದಂಡ, ಎರಡು ವರ್ಷದವರೆಗೆ ಜೈಲು. ನಾವು ಮಾಡಬೇಕಾದದ್ದು ದೂರದಲ್ಲಿ ಸುಮ್ಮನೆ ಕೂತುಕೊಳ್ಳುವುದು. ಕಷ್ಟ ಏನಿದೆ ಅದರಲ್ಲಿ?

ಫೋಟೋ ಚೆನ್ನಾಗಿ ಬರುತ್ತಾ?

ಮೊಬೈಲ್‌ನಲ್ಲಿ ಹಸಿರಿನ ಮೇಲೆ ಕೆಂಪು ಚುಕ್ಕಿಗಳು ಬರುತ್ತವೆ. ಉದ್ದ ಲೆನ್ಸ್ ಇದ್ದವರಿಗೆ ಚೆನ್ನಾಗಿ ಸಿಗುತ್ತದೆ. ದುರ್ಬೀನು ಇದ್ದರೆ ಕ್ಯಾಮೆರಾಗಿಂತ ಮೊದಲು ಅದನ್ನು ಚೀಲಕ್ಕೆ ಹಾಕಿ. ಫ್ಲ್ಯಾಶ್ ಬೇಡ, ಡ್ರೋನ್ ಬೇಡವೇ ಬೇಡ.

ಅಪ್ಪ-ಅಮ್ಮನಿಗೆ ಮಂಡಿ ನೋವು. ಕರೆದುಕೊಂಡು ಬರಬಹುದಾ?

ಬರಬಹುದು. ನಡೆಯೋದು ಕಮ್ಮಿ. ವಾಟರ್ಲೂ ಕಾಲುದಾರಿ ಸಪಾಟು. ಕಷ್ಟದ ಕೆಲಸ ಒಂದೇ, ಜೆಟ್ಟಿಯಿಂದ ದೋಣಿಗೆ ಕಾಲಿಡುವುದು. ಕೈ ಹಿಡಿಯೋಕೆ ಜನ ಇರುತ್ತಾರೆ, ಬುಕ್ ಮಾಡುವಾಗಲೇ ಹೇಳಿಟ್ಟರೆ ಮುಂದಿನ ಹಲಗೆ ಕೊಡುತ್ತಾರೆ. ಎರಡು ಗಂಟೆಗೂ ಜಾಸ್ತಿ ಹಲಗೆಯ ಮೇಲೆ ಕೂರಬೇಕು, ಒಂದು ಸಣ್ಣ ದಿಂಬು ತನ್ನಿ. ದೋಣಿಯಲ್ಲಿ ಶೌಚಾಲಯ ಇಲ್ಲ. ಹತ್ತುವ ಮುಂಚೆ ಜೆಟ್ಟಿ ಹತ್ತಿರದ ಸಂದರ್ಶಕರ ಕೇಂದ್ರದಲ್ಲೇ ಮುಗಿಸಿಕೊಳ್ಳಿ.

ತೀರಾ ಚಿಕ್ಕ ಮಕ್ಕಳು ಐದು ಗಂಟೆಯ ಹೊತ್ತಿಗೆ ರಗಳೆ ಮಾಡುತ್ತವೆ. ತಿನ್ನೋಕೆ ಏನಾದರೂ ಇರಲಿ.

ಬಟ್ಟೆ ಹೇಗಿರಬೇಕು?

ತೆಳು, ಸಡಿಲ, ಪೂರ್ತಿ ತೋಳು, ಪೂರ್ತಿ ಕಾಲು. ದೇವಸ್ಥಾನಕ್ಕೂ ಸರಿ, ಸೊಳ್ಳೆಗೂ ಸರಿ. ಬಹಳ ಮುಖ್ಯವಾದ್ದು: ಸೈನಿಕರ ಹಾಗೆ ಕಾಣುವ ಮಚ್ಚೆಮಚ್ಚೆ ಹಸಿರು ಬಟ್ಟೆ, ಅಂದ್ರೆ ಕ್ಯಾಮಫ್ಲಾಜ್, ಈ ದೇಶದಲ್ಲಿ ಸಾರ್ವಜನಿಕರು ಹಾಕುವುದು ಅಪರಾಧ. ಟೋಪಿ, ಚೀಲ, ಮಗುವಿನ ಚಡ್ಡಿ ಯಾವುದೂ ಬೇಡ. ನಮ್ಮಲ್ಲಿ ಪಕ್ಷಿವೀಕ್ಷಣೆಗೆ ಹೋಗುವವರು ಅದನ್ನೇ ಹಾಕಿಕೊಳ್ಳುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಸೊಳ್ಳೆ ಜಾಸ್ತಿನಾ?

ಸೂರ್ಯ ಮುಳುಗಿದ ಮೇಲೆ ಹೌದು. ದೋಣಿ ಓಡುವಾಗ ಗಾಳಿಗೆ ಬರಲ್ಲ, ನಿಂತಾಗ ಬರುತ್ತವೆ. ಮುಲಾಮು ಹಚ್ಚಿಕೊಂಡೇ ಹತ್ತಿ, ಪಾದ ಮರೆಯಬೇಡಿ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು?

ಕೆರಿಬಿಯನ್‌ನಲ್ಲಿ ಸಸ್ಯಾಹಾರಿಗೆ ಇಷ್ಟು ಸುಲಭವಾಗಿ ಊಟ ಸಿಗುವ ದ್ವೀಪ ಬೇರೆ ಸಿಗೋದು ಕಷ್ಟ. ಡಬಲ್ಸ್ ಹೆಸರು ಕೇಳಿರುತ್ತೀರಿ. ಅರಿಶಿನ ಹಾಕಿ ಕರಿದ ಮೆತ್ತನೆಯ ಎರಡು ಪುಟ್ಟ ರೊಟ್ಟಿ (ಬಾರಾ), ನಡುವೆ ಕಾಬೂಲಿ ಕಡಲೆ, ಮೇಲೆ ಸೌತೆಕಾಯಿ, ಹುಣಸೆ ಚಟ್ನಿ, ಖಾರ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ನಿಂತೇ ತಿನ್ನಬೇಕು. ಮಾಂಸ, ಹಾಲು ಏನೂ ಇಲ್ಲ. ಆದರೆ ಅದು ಹೆಚ್ಚಾಗಿ ಬೆಳಗಿನ ತಿಂಡಿ, ಮಧ್ಯಾಹ್ನದ ಹೊತ್ತಿಗೆ ಬಹಳ ಕಡೆ ಖಾಲಿ. ಖಾರ ಎಷ್ಟು ಅಂತ ಕೇಳುತ್ತಾರೆ, "ಸ್ಲೈಟ್" ಅನ್ನಿ. ಬ್ಯಾಡಗಿ, ಗುಂಟೂರು ತಿಂದು ಅಭ್ಯಾಸ ಇದೆ ಅಂತ ಧೈರ್ಯ ಮಾಡಬೇಡಿ, ಇಲ್ಲಿನ ಮೆಣಸಿನಕಾಯಿಯ ಜಾತಿಯೇ ಬೇರೆ. ಜಗತ್ತಿನ ಅತಿ ಖಾರದ ಮೆಣಸಿನಕಾಯಿಗಳಲ್ಲಿ ಒಂದಾದ ಮೊರೂಗಾ ಸ್ಕಾರ್ಪಿಯನ್ ಈ ದ್ವೀಪದ್ದೇ.

ಮಧ್ಯಾಹ್ನಕ್ಕೆ ರೊಟ್ಟಿ ಅಂಗಡಿಯಲ್ಲಿ ದಾಲ್‌ಪೂರಿ ತೆಗೆದುಕೊಳ್ಳಿ, ಒಳಗೆ ಬಟಾಣಿ ಬೇಳೆಯ ಪುಡಿ ತುಂಬಿ ಲಟ್ಟಿಸಿದ ದೊಡ್ಡ ರೊಟ್ಟಿ. ಜೊತೆಗೆ ಕಡಲೆ-ಆಲೂ, ಸಿಹಿಕುಂಬಳದ ಪಲ್ಯ, ಸೊಪ್ಪು. ಸಂಜೆಗೆ ಸಹೀನಾ ಕಟ್ಟಿಸಿಕೊಳ್ಳಿ: ಕೆಸುವಿನ ಎಲೆಗೆ ಬೇಳೆ ಹಿಟ್ಟು ಬಳಿದು ಕರಿದದ್ದು. ಪತ್ರೊಡೆ ತಿಂದು ಬೆಳೆದವರು ಒಂದಕ್ಕೆ ನಿಲ್ಲಿಸಲ್ಲ. ಕಸ ಮಾತ್ರ ಜೌಗಿನಲ್ಲಿ ಬಿಡಬೇಡಿ.

ಯಾವ ತಿಂಗಳು ಒಳ್ಳೆಯದು?

ಜನವರಿಯಿಂದ ಮೇವರೆಗೆ ಒಣ ಕಾಲ, ಜೂನ್‌ನಿಂದ ಡಿಸೆಂಬರ್ ಮಳೆ. ಮಳೆಗಾಲದಲ್ಲೂ ದಿನವಿಡೀ ಸುರಿಯುವುದು ಕಮ್ಮಿ, ಜೋರಾಗಿ ಬಂದು ನಿಲ್ಲುತ್ತದೆ. ರೇನ್‌ಕೋಟ್ ಇಟ್ಟುಕೊಳ್ಳಿ, ಕೊಡೆ ದೋಣಿಯಲ್ಲಿ ಹಿಂದಿನವರಿಗೆ ಅಡ್ಡ. ಚಂಡಮಾರುತಗಳ ಮುಖ್ಯ ದಾರಿ ಟ್ರಿನಿಡಾಡ್‌ಗಿಂತ ಉತ್ತರಕ್ಕಿದೆ. ಕಾರ್ನಿವಲ್ ಸಮಯದಲ್ಲಿ ಬಂದರೆ ಆ ಸೋಮವಾರ, ಮಂಗಳವಾರ ಈ ಯೋಜನೆ ಇಟ್ಟುಕೊಳ್ಳಬೇಡಿ.

ಖರ್ಚು ಎಷ್ಟಾಗುತ್ತೆ?

ದೇವಸ್ಥಾನಗಳಲ್ಲಿ ಟಿಕೆಟ್ ಅಂತ ಇಲ್ಲ, ಹುಂಡಿಗೆ ನಿಮ್ಮ ಇಷ್ಟ. ದೋಣಿಯ ದರ, ಹಂಚಿಕೊಂಡು ಹೋಗುವ ದೋಣಿಯೋ ನಿಮಗೊಬ್ಬರಿಗೇ ಬೇಕೋ ಅನ್ನುವುದರ ಮೇಲೆ ಹೋಗುತ್ತದೆ. ಹಂಚಿಕೊಂಡರೆ ಅಗ್ಗ, ಅದೇ ಸಾಕು. ದೊಡ್ಡ ಖರ್ಚು ಗಾಡಿಯದ್ದೇ. ಒಂದು ಅಮೆರಿಕನ್ ಡಾಲರ್‌ಗೆ ಸುಮಾರು 6.7 ಟಿಟಿ ಡಾಲರ್. ಯಾರಾದರೂ ಬರೀ "ಡಾಲರ್" ಅಂದರೆ ಯಾವ ಡಾಲರ್ ಅಂತ ಅಲ್ಲೇ ಕೇಳಿ. ಬೇರಿನ ಸಂದಿಯಲ್ಲಿ ಮಲಗಿದ ಪ್ರಾಣಿಯನ್ನು ಹುಡುಕಿ ತೋರಿಸಿದ ದೋಣಿಯವರಿಗೆ ಕೈತುಂಬಾ ಕೊಡಿ.

ವೀಸಾ, ಲಸಿಕೆ?

ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್‌ಗಿಂತ ಮೊದಲು ಟ್ರಿನಿಡಾಡ್ ಹೈಕಮಿಷನ್‌ನಲ್ಲಿ ವಿಚಾರಿಸಿ. ಲಸಿಕೆಯ ಮಾತು ಮಾತ್ರ ಗಮನ ಇಟ್ಟು ಓದಿ. ಯೆಲ್ಲೋ ಫೀವರ್ ಅಪಾಯ ಇರುವ ಪ್ರದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡ್ ದ್ವೀಪ ಇದೆ. ಇಲ್ಲಿಂದ ಭಾರತಕ್ಕೆ ಮರಳುವಾಗ ಲಸಿಕೆ ಕಾರ್ಡ್ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆದು, 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆ ಕಾರ್ಡ್‌ಗೆ ಬೆಲೆ ಬರುತ್ತದೆ, ಹೊರಡುವ ಹಿಂದಿನ ದಿನ ಓಡಿದರೆ ಆಗಲ್ಲ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ವಯಸ್ಸಾದವರು ಡಾಕ್ಟರನ್ನು ಕೇಳಿಯೇ ಹಾಕಿಸಿಕೊಳ್ಳಿ.

ಕಳ್ಳತನ, ಗಲಾಟೆ ಇದೆಯಂತೆ. ಸುರಕ್ಷಿತನಾ?

ಸುಳ್ಳು ಹೇಳಲ್ಲ, ದೇಶದಲ್ಲಿ ಅಪರಾಧ ದೊಡ್ಡ ಸಮಸ್ಯೆ. 2024ರ ಡಿಸೆಂಬರ್ ಕೊನೆಯಲ್ಲಿ ತುರ್ತು ಪರಿಸ್ಥಿತಿ ಕೂಡ ಘೋಷಿಸಿದ್ದರು. ಬರುವ ಮುನ್ನ ಸುದ್ದಿ ನೋಡಿಕೊಳ್ಳಿ. ನಂಬುವ ಚಾಲಕನ ಜೊತೆ ಹೊರಟು, ಚಿನ್ನ ಮನೆಯಲ್ಲಿಟ್ಟು, ದೋಣಿ ಇಳಿದ ತಕ್ಷಣ ಗಾಡಿ ಹತ್ತಿದರೆ ಈ ಮಧ್ಯಾಹ್ನಕ್ಕೆ ಅಷ್ಟು ಎಚ್ಚರ ಸಾಕು. ಕತ್ತಲಾದ ಮೇಲೆ ವಾಟರ್ಲೂ ದಂಡೆಯಲ್ಲಿ ನಿಲ್ಲುವುದು ಬೇಡ.

ಕ್ರೂಸ್ ಹಡಗಿನಲ್ಲಿ ಬರುತ್ತಿದ್ದೇವೆ. ಆಗುತ್ತಾ?

ಹಡಗು ಸಂಜೆ ಐದಾರಕ್ಕೆ ಹೊರಡುವುದಾದರೆ ಹಕ್ಕಿ ನೋಡೋಕೆ ಆಗಲ್ಲ. ಹನುಮ, ವಾಟರ್ಲೂ ಎರಡನ್ನೇ ಬೆಳಿಗ್ಗೆ ನಿಧಾನವಾಗಿ ನೋಡಿ.

ಬೆಳಿಗ್ಗೆ ಎರಡು ಗಂಟೆ ಬಿಡುವಿದ್ದರೆ ಊರಲ್ಲಿ ಏನು ನೋಡಬಹುದು?

ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನ. ಹೊರಗಿಂದ ನೋಡಿದರೂ ಸರಿ. 1976ರ ಏಪ್ರಿಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್‌ನಲ್ಲಿ ಭಾರತ ನಾಲ್ಕನೇ ಇನ್ನಿಂಗ್ಸ್‌ನಲ್ಲಿ 403 ಬೆನ್ನಟ್ಟಿ 4 ವಿಕೆಟ್‌ಗೆ 406 ಹೊಡೆದು ಗೆದ್ದದ್ದು ಇಲ್ಲೇ. ನಮ್ಮ ಜಿ.ಆರ್. ವಿಶ್ವನಾಥ್ 112, ಕೊನೆಯಲ್ಲಿ ಬ್ರಿಜೇಶ್ ಪಟೇಲ್ ಔಟಾಗದೆ 49, ಮೊದಲ ಇನ್ನಿಂಗ್ಸ್‌ನಲ್ಲಿ ಚಂದ್ರಶೇಖರ್ 6 ವಿಕೆಟ್. ಆ ಪಂದ್ಯವನ್ನು ರೇಡಿಯೋದಲ್ಲಿ ಕೇಳಿದ ಅಪ್ಪಂದಿರು, ಮಾವಂದಿರು ಜೊತೆಗಿದ್ದರೆ ಗೇಟಿನ ಮುಂದೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ದೋಣಿ ಬುಕ್ ಮಾಡುವಾಗ ಏನೇನು ಕೇಳಬೇಕು?

ಹಿಂದಿನ ದಿನವೇ ಫೋನ್ ಮಾಡಿ. ಹೊರಡುವ ಸಮಯ ಯಾವುದು, ದುಡ್ಡು ನಗದಾ ಕಾರ್ಡಾ, ಲೈಫ್ ಜಾಕೆಟ್ ಮಕ್ಕಳ ಅಳತೆಯದ್ದು ಇದೆಯಾ, ಮಳೆ ಬಂದರೆ ದುಡ್ಡು ವಾಪಸ್ಸೋ ಇನ್ನೊಂದು ದಿನವೋ. ಇಷ್ಟರ ಜೊತೆ ಒಂದು ಮಾತು ಸೇರಿಸಿ: "ತಂಗುಮರದಿಂದ ದೂರವೇ ನಿಲ್ಲಿಸಿ, ನಮಗೆ ಅವಸರ ಇಲ್ಲ." ಗಿರಾಕಿಗಳು ಹತ್ತಿರ ಹೋಗು ಅಂತ ಕಾಡದಿದ್ದರೆ ದೋಣಿಯವರಿಗೂ ಕೆಲಸ ಹಗುರ, ಅವರು ಆ ದಿನ ಹೆಚ್ಚು ಕಥೆ ಹೇಳುತ್ತಾರೆ. ಜೆಟ್ಟಿಗೆ 3:30ಕ್ಕೆಲ್ಲ ತಲುಪಿಬಿಡಿ, ತಡವಾಗಿ ಬಂದವರಿಗಾಗಿ ದೋಣಿ ಕಾಯುವುದಿಲ್ಲ.